ಬ್ರೆಡ್ಡಿನೊಳಗೆ ಸಿಕ್ಕಿದ ಮಗು

2014ರ ಮಾರ್ಚ್ ತಿಂಗಳಲ್ಲಿ ನಾವು ಅಬುಧಾಬಿಯ ಬನಿಯಾಸ್‌ನಲ್ಲಿ ಒಂದು ವಿಲ್ಲಾಕ್ಕೆ ಬಂದೆವು. ವಿಲ್ಲಾ ಎಂದ ಕೂಡಲೇ ಊರಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮ ಪಾಲಿಗೆ ಸಿಕ್ಕಿದ್ದು ಕೆಳಗಿನ ಎರಡು ಕೋಣೆ ಮಾತ್ರ. ಉಳಿದ ಕೋಣೆಗಳಲ್ಲಿ ಇನ್ನೊಂದು ಸಂಸಾರ, ಅಡುಗೆಮನೆ ಇಬ್ಬರಿಗೂ ಒಂದೇ. ಗಂಡ ಸುಧಾಕರ್‌ಗೆ ಮುಸಫ್ಫಾದ ವರ್ಕ್‌ಶಾಪ್ ಹತ್ತಿರ, ಮಗಳು ಅನ್ವಿಯ ಸ್ಕೂಲ್ ಬಸ್ಸು ಗೇಟಿಗೇ ಬರುತ್ತದೆ ಎಂದು ನಾನೂ ಒಪ್ಪಿಕೊಂಡಿದ್ದೆ. ಆಚೆ ಕಡೆ ಯಾರಿದ್ದಾರೆ ಎಂದು ವಾಚ್‌ಮನ್‌ನನ್ನು ಕೇಳಿದರೆ, "ಮೆಕ್ಸಿಕೋ ಫ್ಯಾಮಿಲಿ. ನಲ್ಲ ಆಳ್ಕಾರ್" ಎಂದು, ಒಳ್ಳೆಯ ಜನವೆಂದು ಮಲಯಾಳದಲ್ಲಿ ಸರ್ಟಿಫಿಕೇಟ್ ಕೊಟ್ಟ.

ಮೆಕ್ಸಿಕೋ ಎಂದರೆ ಅಗಲ ಟೊಪ್ಪಿ, ಪಾಪಾಸುಕಳ್ಳಿ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಮೊದಲ ದಿನವೇ ಬಾಗಿಲು ತಟ್ಟಿ ಬಂದವಳು ಮಾರ್ತಾ. ನನ್ನದೇ ವಯಸ್ಸು, ದುಂಡು ಮುಖ, ಕಪ್ಪು ಜಡೆ. ಮೂಡುಬಿದಿರೆಯ ಬಸ್ಸಿನಲ್ಲಿ ಕೂತಿದ್ದರೆ ಕಂಡಕ್ಟರ್ ಅವಳ ಹತ್ತಿರ ತುಳುವಿನಲ್ಲೇ ಮಾತಾಡುತ್ತಿದ್ದ. ಬಂದವಳೇ ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟಳು. ನನ್ನ ಹಿಂದೆ ನಿಂತಿದ್ದ ಸುಧಾಕರ್‌ಗೂ ಹಾಗೇ ಮಾಡಿದಳು. ಇವರು ಗೋಡೆಯ ಮೇಲಿನ ಹಲ್ಲಿಯ ಹಾಗೆ ಅಂಟಿಕೊಂಡು ನಿಂತುಬಿಟ್ಟರು. ಅವಳು ಹೋದ ಮೇಲೆ, "ನಾನು ಎಂತದ್ದೂ ಮಾಡ್ಲಿಲ್ಲ ಮಾರಾಯ್ತಿ, ನೀನೇ ನೋಡಿದ್ದೀಯಲ್ಲ" ಎಂದರು. ಅಲ್ಲಿಂದ ಮುಂದೆ ಮಾರ್ತಾ ಎದುರು ಬಂದರೆ ದೂರದಿಂದಲೇ ಕೈ ಮುಗಿಯುವ ಅಭ್ಯಾಸ ಮಾಡಿಕೊಂಡರು. ಅವಳೂ ನಗುತ್ತಾ ಕೈ ಮುಗಿಯಲು ಕಲಿತಳು.

ಅವಳ ಗಂಡ ರಾಮೋನ್‌ಗೆ ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ಕೆಲಸ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಮನೆಯಲ್ಲಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸೋಫಿಯಾ ನಮ್ಮ ಅನ್ವಿಯ ಓರಗೆಯವಳು, ಚಿಕ್ಕವಳು ಎಲೆನಾ ಆಗಷ್ಟೇ ನಡೆಯಲು ಕಲಿಯುತ್ತಿದ್ದಳು. ಮಾರ್ತಾಳದ್ದೂ ನನ್ನದೂ ಹರಕು ಇಂಗ್ಲಿಷ್. ಇಬ್ಬರದೂ ಹರಕಾದ್ದರಿಂದ ನಾಚಿಕೆ ಇರಲಿಲ್ಲ. ಮಾತು ತೋಚದಾಗ ಅನ್ವಿಯನ್ನು ಕರೆಯುತ್ತಿದ್ದೆವು. ಆರು ವರ್ಷದ ಆ ಹುಡುಗಿ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಸೋಫಿಯಾಳ ಜೊತೆ ಸೇರಿ ನೋಡನೋಡುತ್ತಿದ್ದ ಹಾಗೆ ಸ್ಪ್ಯಾನಿಷ್ ಕಲಿತುಬಿಟ್ಟಿದ್ದಳು.

ಕೆದಕಿ ಕೆದಕಿ ಕೇಳುವುದು ನನ್ನ ಹುಟ್ಟುಗುಣ. ಮಾರ್ತಾ ಒಣಮೆಣಸನ್ನು ಕಾವಲಿಯಲ್ಲಿ ಹುರಿದು ಇಡೀ ವಿಲ್ಲಾವನ್ನೇ ಕೆಮ್ಮಿಸುವಾಗ ನಾನು ಮೂಗಿಗೆ ಶಾಲು ಕಟ್ಟಿಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದೆ. ಅವಳು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದನ್ನು ನೋಡಿದ ದಿನವಂತೂ ನನಗೆ ಊಟ ಸೇರಲಿಲ್ಲ. ಸುಣ್ಣ ಎಲೆಗೆ ಸವರುವುದಕ್ಕೆ, ಗೋಡೆಗೆ ಬಳಿಯುವುದಕ್ಕೆ. ಅಡುಗೆಗೆ ಯಾರಾದರೂ ಹಾಕುತ್ತಾರಾ? "ಹಾಕದಿದ್ದರೆ ಸಿಪ್ಪೆ ಬಿಡುವುದಿಲ್ಲ, ಹಿಟ್ಟು ಅಂಟುವುದಿಲ್ಲ" ಎಂದಳು. ತಿಂದು ನೋಡಿದೆ. ರೊಟ್ಟಿ ಘಮಘಮ ಅನ್ನುತ್ತಿತ್ತು. ಅವಳ ಊರೂ ನಮ್ಮ ಕರಾವಳಿಯ ಹಾಗೆಯೇ ಬೆವರು ಸುರಿಯುವ ಊರು, ಬಾಳೆ, ತೆಂಗು, ಹೊಳೆ ಮೀನು. ಮಾವಿನಕಾಯಿಗೆ ಉಪ್ಪು, ಮೆಣಸಿನಪುಡಿ ಹಾಕಿ ತಿನ್ನುವುದು ಲೋಕದಲ್ಲಿ ನಮಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಅವಳ ಡಬ್ಬಿಯಲ್ಲಿ ಅದಕ್ಕೆಂದೇ ಬೇರೆ ಪುಡಿ ಇತ್ತು.

ಇನ್ನು ಬರೆಯಬೇಕಾದದ್ದು ಜುಲೈ ತಿಂಗಳ ವಿಷಯ. ಆಗ ನನಗೆ ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹೊಟ್ಟೆನೋವು ಶುರುವಾಗಿ, ಆಸ್ಪತ್ರೆಗೆ ಹೋಗಿ, ಮೂರನೆಯ ದಿನ ಬರಿಗೈಯಲ್ಲಿ ವಾಪಸ್ ಬಂದೆ. ಹೆಣ್ಣು ಮಗುವಾಗಿತ್ತು ಎಂದು ನರ್ಸ್ ಹೇಳಿದ್ದಳು. ಊರಿನಿಂದ ಅಮ್ಮ ಫೋನಿನಲ್ಲಿ, "ಆದದ್ದು ಆಯ್ತು. ಇನ್ನು ಅದ್ರ ಸುದ್ದಿ ತೆಗೀಬೇಡ. ಮಾತಾಡಿದಷ್ಟೂ ಮನಸ್ಸಿಗೆ ಬೇಜಾರು" ಎಂದಳು. ಅತ್ತೆಯೂ ಅದನ್ನೇ ಹೇಳಿದರು. ಸುಧಾಕರ್ ಒಂದು ಮಾತೂ ಆಡಲಿಲ್ಲ. ಕೆಲಸದಿಂದ ಬಂದು ಪಾತ್ರೆ ತೊಳೆದುಕೊಡುತ್ತಿದ್ದರು, ಅನ್ವಿಯನ್ನು ನೋಡಿಕೊಳ್ಳುತ್ತಿದ್ದರು, ಟಿವಿ ಹಾಕುತ್ತಿದ್ದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಸುಮ್ಮನಿದ್ದರು. ಆದರೆ ನನಗೆ ಯಾರಾದರೂ ಒಬ್ಬರು ಅವಳ ಬಗ್ಗೆ ಮಾತಾಡಬೇಕಿತ್ತು. ಅವಳು ಬಂದೇ ಇರಲಿಲ್ಲ ಎನ್ನುವ ಹಾಗೆ ಮನೆಯಲ್ಲಿ ದಿನ ಕಳೆಯುವುದು ನನ್ನಿಂದಾಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ನವೆಂಬರಿನಲ್ಲಿ ಮಾರ್ತಾ ತನ್ನ ಕೋಣೆಯಲ್ಲಿ ಮೇಜಿಗೆ ಬಟ್ಟೆ ಹಾಸಿ, ಸತ್ತುಹೋದ ಹಿರಿಯರ ಫೋಟೋ ಇಟ್ಟು, ಚೆಂಡುಹೂ, ಮೇಣದಬತ್ತಿ, ನೀರು, ಉಪ್ಪು, ಅವರವರಿಗೆ ಇಷ್ಟದ ತಿಂಡಿ ಎಲ್ಲ ಜೋಡಿಸಿದಳು. ಚೆಂಡುಹೂವನ್ನು ನಾನೇ ಬರ್ ದುಬೈಯ ದೇವಸ್ಥಾನದ ಓಣಿಯಿಂದ ತಂದುಕೊಟ್ಟಿದ್ದೆ. ನಮ್ಮಲ್ಲೂ ಮಳೆಗಾಲದ ಆಟಿ ತಿಂಗಳಿನಲ್ಲಿ ಸತ್ತವರಿಗೆ ಬಾಳೆ ಎಲೆಯಲ್ಲಿ ಕೋಳಿ, ಮೀನು ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ ಎಂದು ಹೇಳಿದಾಗ ಅವಳಿಗೆ ಬಹಳ ಸಂತೋಷವಾಯಿತು. "ಬಾಗಿಲು ಯಾಕೆ ಮುಚ್ಚುತ್ತೀರಿ? ನಾವು ಜೊತೆಗೇ ಕೂತು ತಿನ್ನುತ್ತೇವೆ" ಎಂದಳು. ಮೇಜಿನ ಒಂದು ಮೂಲೆಯಲ್ಲಿ ಸಣ್ಣ ಲೋಟದಲ್ಲಿ ಹಾಲಿತ್ತು. ಅದರ ಹಿಂದೆ ಫೋಟೋ ಇರಲಿಲ್ಲ.

"ಇದು ಯಾರಿಗೆ?" ಎಂದು ಕೇಳಿದೆ.

"ನನ್ನ ಮಗ ಮತೇಯೋಗೆ. ಸೋಫಿಯಾಳಿಗಿಂತ ಮೊದಲು ಹುಟ್ಟಿದವನು. ಒಂದು ದಿನ ಇದ್ದ" ಎಂದಳು. ದನಿ ತಗ್ಗಿಸಲಿಲ್ಲ. ಮಾವಿನಹಣ್ಣು ಹೆಚ್ಚುತ್ತಾ, ಊರಿನಲ್ಲಿರುವ ಮಗನ ಸುದ್ದಿ ಹೇಳುವ ಹಾಗೆ ಹೇಳಿದಳು. ನನಗೆ ಅದೇ ಆಶ್ಚರ್ಯ. "ಜುಲೈಯಲ್ಲಿ ನನಗೂ..." ಎಂದೆ. ಅವಳು ಚಾಕು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ಆಸ್ಪತ್ರೆಗೆ ಹೋದದ್ದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಮಕ್ಕಳು ಜಗಳವಾಡುತ್ತಾ ಬಂದರು, ಮಾತು ಅಲ್ಲಿಗೇ ನಿಂತಿತು.

ಜನವರಿ ಆರಕ್ಕೆ ಅವರಿಗೊಂದು ಹಬ್ಬ. ಎಲ್ಲರಿಗೂ ರಜೆ ಇರಲಿ ಎಂದು ಮಾರ್ತಾ ಅದನ್ನು ಶುಕ್ರವಾರಕ್ಕೆ ಹಾಕಿಕೊಂಡು, ಅಬುಧಾಬಿ ಸಿಟಿಯಲ್ಲಿದ್ದ ನಾಲ್ಕಾರು ಮೆಕ್ಸಿಕೋ ಸಂಸಾರಗಳನ್ನು ಕರೆದಿದ್ದಳು. ಹಿಂದಿನ ದಿನವೆಲ್ಲ ಹಿಟ್ಟು ನಾದಿ, ದೊಡ್ಡ ಬಳೆಯ ಆಕಾರದಲ್ಲಿ ಒಂದು ಸಿಹಿ ಬ್ರೆಡ್ ಮಾಡಿದ್ದಳು. ರೋಸ್ಕಾ ಎಂದು ಅದರ ಹೆಸರು. ಮೇಲೆ ಸಕ್ಕರೆಯಲ್ಲಿ ಒಣಗಿಸಿದ ಹಣ್ಣಿನ ಚೂರುಗಳು ಬಳೆಗೆ ಕೂರಿಸಿದ ಕಲ್ಲಿನ ಹಾಗೆ ಕಾಣುತ್ತಿದ್ದವು. ನಾನೂ ಸುಮ್ಮನಿರದೆ ನಮ್ಮ ಕಡೆಯಿಂದಲೂ ಏನಾದರೂ ಇರಲಿ ಎಂದು ಗೋಳಿಬಜೆ ಕರಿಯಲು ಅಡುಗೆಮನೆ ಸೇರಿದೆ. ಎಡವಟ್ಟಾದದ್ದು ಅಲ್ಲೇ. ಬ್ರೆಡ್ ಕತ್ತರಿಸುವ ಮೊದಲು ಸೋಫಿಯಾ ಕುರ್ಚಿ ಹತ್ತಿ ಆ ಹಬ್ಬದ ಕ್ರಮವನ್ನೆಲ್ಲ ಹೇಳಿದಳಂತೆ. ಅನ್ವಿ ಅದನ್ನು ಅವಳಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದಳಂತೆ. ನಾನು ಎಣ್ಣೆಯ ಚುರುಚುರು ಸದ್ದಿನ ಮುಂದೆ ನಿಂತಿದ್ದೆ.

ಗೋಳಿಬಜೆ ತಟ್ಟೆ ಹಿಡಿದು ಹೊರಗೆ ಬಂದಾಗ ಎಲ್ಲರ ಕೈಯಲ್ಲೂ ಒಂದೊಂದು ತುಂಡು ಬ್ರೆಡ್ ಇತ್ತು. ನನ್ನ ಪಾಲನ್ನು ಮಾರ್ತಾಳೇ ಕೊಟ್ಟಳು. ಎರಡನೇ ತುತ್ತಿಗೆ ಹಲ್ಲಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಬೆರಳಿನಿಂದ ಬಿಡಿಸಿ ನೋಡಿದರೆ, ಬಿಳಿ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಮಗು. ನೆಲಗಡಲೆ ಬೀಜದಷ್ಟು ದೊಡ್ಡದು. ಕಣ್ಣು ಮೂಗು ಎಲ್ಲ ಇತ್ತು.

ಮಾರ್ತಾಳಿಗೆ ನನ್ನ ವಿಷಯ ಗೊತ್ತು. ಅವಳೇ ಬ್ರೆಡ್ ಮಾಡಿದವಳು, ಅವಳೇ ಈ ತುಂಡು ಆರಿಸಿ ಕೊಟ್ಟವಳು. ಹಾಗಾದರೆ ಇದು ನನಗೆಂದೇ ಇಟ್ಟದ್ದು, ಅವರ ದೇವರ ಪ್ರಸಾದ ಎಂದೇ ನಾನು ತಿಳಿದೆ. ಸಂತಾನದ ಹರಕೆಯ ಪ್ರಸಾದ ಸಿಕ್ಕಿದರೆ ಅದನ್ನು ಸೆರಗಿನಲ್ಲಿ ಹಿಡಿದು, ಯಾರ ಹತ್ತಿರವೂ ಮಾತಾಡದೆ, ಹಿಂದೆ ತಿರುಗಿ ನೋಡದೆ ತಂದು ದೇವರ ಮುಂದೆ ಇಡಬೇಕು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಮಾತಾಡಿದರೆ ಫಲವಿಲ್ಲ. ನಾನು ಆ ಮಗುವನ್ನು ಚೂಡಿದಾರದ ಶಾಲಿನ ತುದಿಯಲ್ಲಿ ಕಟ್ಟಿಕೊಂಡು ಮೆಲ್ಲನೆ ನಮ್ಮ ಕೋಣೆಗೆ ಜಾರಿದೆ. ಬಟ್ಟೆಯ ಕಪಾಟಿನ ಮೇಲಿನ ಹಲಗೆಯೇ ನಮ್ಮ ದೇವರಕೋಣೆ. ಗಣಪತಿಯ ಪಾದದ ಹತ್ತಿರ ಅದನ್ನು ಮಲಗಿಸಿ, ದೀಪ ಹಚ್ಚಿ, ಕಣ್ಣು ಮುಚ್ಚಿ ಕೂತೆ. ಜುಲೈ ತಿಂಗಳಿನಿಂದ ಅಷ್ಟು ಹಗುರಾಗಿ ನಾನು ಕೂತದ್ದೇ ಇಲ್ಲ.

ಹೊರಗೆ ಗದ್ದಲ ಶುರುವಾಯಿತು. ಮೊದಲು ನಗು, ಆಮೇಲೆ ಕುರ್ಚಿಗಳನ್ನು ಎಳೆಯುವ ಸದ್ದು, ಆಮೇಲೆ ಎಲೆನಾಳ ಕೆಮ್ಮು. ಅನ್ವಿ ಬಾಗಿಲು ದೂಡಿಕೊಂಡು ಬಂದಳು.

"ಅಮ್ಮಾ, ಬೇಬಿ ಈಸ್ ಮಿಸ್ಸಿಂಗ್. ಎಲೆನಾ ಏಟ್ ದ ಬೇಬಿ."

"ಯಾವ ಬೇಬಿ? ಯಾರು ತಿಂದದ್ದು? ಸಮ ಹೇಳು."

"ದ ಬೇಬಿ, ಅಮ್ಮಾ. ಡ್ಯಾಡಿ ಕಾರ್ ತೆಗೀತಿದ್ದಾರೆ, ಹಾಸ್ಪಿಟಲ್‌ಗೆ."

ಹೊರಗೆ ಓಡಿದೆ. ರಾಮೋನ್ ಆ ತಿಂಗಳು ಸಮುದ್ರದಲ್ಲಿದ್ದ. ಮಾರ್ತಾ ಮಗಳನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟುತ್ತಿದ್ದಳು. ಎಲೆನಾಳ ಮುಖ ಕೆಂಪಾಗಿತ್ತು, ಕೆಮ್ಮಿ ಕೆಮ್ಮಿ ಅಳುತ್ತಿದ್ದಳು. ಮೇಜಿನ ಮೇಲಿದ್ದ ಬ್ರೆಡ್ಡನ್ನೆಲ್ಲ ಪುಡಿ ಪುಡಿ ಮಾಡಿ ಹುಡುಕಿದ್ದರು. ಸುಧಾಕರ್ ಕೈಯಲ್ಲಿ ಕಾರಿನ ಕೀ ಹಿಡಿದು, "ಯಲ್ಲಾ, ಯಲ್ಲಾ, ತಡ ಮಾಡ್ಬೇಡಿ, ಹೊರಡುವ" ಎಂದು ಅರಬ್ಬಿ ಬೆರೆತ, ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಅವಸರಪಡಿಸುತ್ತಿದ್ದರು. ಏನಾಯಿತು ಎಂದು ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ. ಅವಳು ಹೆಬ್ಬೆರಳು, ತೋರುಬೆರಳು ಹತ್ತಿರ ತಂದು, "ಇಷ್ಟು. ಬಿಳಿ ಮಗು. ಬ್ರೆಡ್ಡಿನೊಳಗೆ ಇತ್ತು" ಎಂದಳು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದರ ಅರ್ಥ ನನಗೆ ಆಗ ಗೊತ್ತಾಯಿತು. ಕೋಣೆಗೆ ಓಡಿಹೋಗಿ ಗಣಪತಿಯ ಪಾದದಿಂದ ಅದನ್ನು ಎತ್ತಿಕೊಂಡು ಬಂದು ಮಾರ್ತಾಳ ಮುಂದೆ ಅಂಗೈ ಬಿಚ್ಚಿದೆ. ಎಲೆನಾಳ ಗಂಟಲಿನಲ್ಲಿದ್ದದ್ದು ಬರೀ ಬ್ರೆಡ್ಡಿನ ಚೂರು. ಅದನ್ನು ಕಾರಿಹಾಕಿ, ನನ್ನ ಗೋಳಿಬಜೆಯ ಕಡೆ ಕೈಚಾಚಿದಳು. ಮಾರ್ತಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕುರ್ಚಿಗೆ ಒರಗಿದಳು. ಆಮೇಲೆ ಬಂತು ನೋಡಿ ನಗು. ಒಬ್ಬ ದಪ್ಪ ಮೀಸೆಯವನು ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದ. "ನಮ್ಮೂರಲ್ಲೂ ಹೀಗೇ. ಅಡುಗೆ ತಪ್ಪಿಸಿಕೊಳ್ಳಲು ಮಗುವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ" ಎಂದ. ಆ ಮಗು ಬಾಲ ಯೇಸುವಂತೆ; ಬ್ರೆಡ್ಡಿನಲ್ಲಿ ಅದು ಯಾರಿಗೆ ಸಿಗುತ್ತದೋ ಅವರು ಫೆಬ್ರವರಿ ಎರಡರಂದು ಬಂದವರಿಗೆಲ್ಲ ತಮಾಲೆ ಮಾಡಿ ಬಡಿಸಬೇಕು. ತಮಾಲೆ ಎಂದರೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಜೋಳದ ಕಡುಬು. ಅದೇ ಆ ಹಬ್ಬದ ಕ್ರಮ. ನಾನು ಕಳ್ಳತನ ಮಾಡಿ ಸಿಕ್ಕಿಬಿದ್ದವಳಾದೆ.

ಎಲ್ಲರೂ ನಗುತ್ತಿರುವಾಗ ನನಗೆ ಅಳು ಬಂತು. ತಡೆಯಲು ನೋಡಿದರೂ ಆಗಲಿಲ್ಲ. ಮಾರ್ತಾ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ನಾನು ಹರಕು ಇಂಗ್ಲಿಷಿನಲ್ಲಿ ಸೆರಗು, ಹರಕೆ, ಅಜ್ಜಿ, ಜುಲೈಯಲ್ಲಿ ಹೋದ ಹೆಣ್ಣು ಮಗು ಎಲ್ಲವನ್ನೂ ಹೇಳಿದೆ. "ನೀನು ನನಗೆಂದೇ ಇಟ್ಟದ್ದು ಅಂದುಕೊಂಡೆ" ಎಂದೆ.

ಅವಳು ಹೌದು ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಅವಳು ಸುಳ್ಳು ಹೇಳಲಿಲ್ಲ. "ಇಲ್ಲ ಸುಹಾತಾ" ಎಂದಳು. ನನ್ನ ಹೆಸರು ಸುಜಾತಾ, ಅವಳ ಬಾಯಿಯಲ್ಲಿ ಯಾವಾಗಲೂ ಸುಹಾತಾ. "ಹಿಟ್ಟಿನೊಳಗೆ ತುರುಕಿ ಮುಚ್ಚಿದ ಮೇಲೆ ಎಲ್ಲಿದೆ ಎಂದು ನನಗೂ ಗೊತ್ತಿರುವುದಿಲ್ಲ. ಇದು ಮಗು ಕೊಡುವ ಔಷಧಿಯೂ ಅಲ್ಲ. ಆದರೆ ನಿನ್ನ ಪಾಲಿಗೆ ಬಂದಿದೆ. ಫೆಬ್ರವರಿ ಎರಡರವರೆಗೆ ನೀನು ಅದರ ಗಾಡ್‌ಮದರ್, ಎರಡನೇ ತಾಯಿ ಇದ್ದ ಹಾಗೆ. ನನ್ನ ಕೋಣೆಯಲ್ಲಿರುವ ಬಾಲ ಯೇಸುವಿನ ಗೊಂಬೆಗೆ ಹೊಸ ಅಂಗಿ ಹೊಲಿಯಬೇಕು, ಮಡಿಲಲ್ಲಿ ಕೂರಿಸಿಕೊಳ್ಳಬೇಕು. ಆಗುತ್ತದಾ?"

"ನಾನು ಹಿಂದೂ" ಎಂದೆ.

"ಮಗುವಿಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದಳು.

ಅಂಗಿ ಹೊಲಿಯುವುದು ಕಷ್ಟವಾಗಲಿಲ್ಲ. ಊರಿನ ಮದುವೆ, ಗೃಹಪ್ರವೇಶಗಳಲ್ಲಿ ಕೊಟ್ಟ ಬ್ಲೌಸ್ ಪೀಸುಗಳು ಪೆಟ್ಟಿಗೆ ತುಂಬಾ ಇದ್ದವು. ಹೊಲಿಸಲೂ ಆಗದೆ, ಎಸೆಯಲೂ ಆಗದೆ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುವ ಆ ಸಂಪತ್ತು ಯಾವ ಕನ್ನಡತಿಯ ಮನೆಯಲ್ಲಿಲ್ಲ? ಹಸಿರು ಬಣ್ಣದ, ಜರಿ ಅಂಚಿನದೊಂದನ್ನು ಆರಿಸಿ, ಅವಳ ಮನೆಯಲ್ಲಿದ್ದ ಗೇಣುದ್ದದ ಬಾಲ ಯೇಸುವಿಗೆ ಜುಬ್ಬ ಹೊಲಿದೆ. ಕೃಷ್ಣಾಷ್ಟಮಿಯ ಮುದ್ದುಕೃಷ್ಣನ ಹಾಗೆ ಕಂಡ.

ತಮಾಲೆ ಕಟ್ಟಿದ್ದು ಫೆಬ್ರವರಿಯ ಮೊದಲ ಶುಕ್ರವಾರ ಬೆಳಿಗ್ಗೆ. ಅವಳ ಊರಿನಲ್ಲಿ ತಮಾಲೆಯನ್ನು ಬಾಳೆ ಎಲೆಯಲ್ಲೇ ಕಟ್ಟುತ್ತಾರೆ ಎಂದು ಕೇಳಿ ನನಗೆ ಅರ್ಧ ಜೀವ ಬಂದಿತ್ತು. ಎಲೆಯಲ್ಲಿ ಕಡುಬು ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಂದಿಯ ಕೊಬ್ಬಿನ ಬದಲು ತೆಂಗಿನೆಣ್ಣೆ ಹಾಕಿದೆವು. ಸುಧಾಕರ್ ಗ್ಯಾಸಿನ ಮುಂದೆ ನಿಂತು ಬಾಳೆ ಎಲೆ ಬಾಡಿಸಿ ಕೊಡುತ್ತಿದ್ದರು. ಮಾರ್ತಾ ಹಿಟ್ಟು ಹಚ್ಚುತ್ತಿದ್ದಳು, ನಾನು ನಡುವೆ ಕೋಳಿ ಇಟ್ಟು ಮಡಚುತ್ತಿದ್ದೆ. ಹಾಗೆ ಕೆಲಸ ಮಾಡುತ್ತಿರುವಾಗ ಅವಳು ತಲೆ ಎತ್ತದೆ ಕೇಳಿದಳು.

"ಅವಳಿಗೆ ಏನು ಹೆಸರಿಟ್ಟಿದ್ದೆ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಏಳು ತಿಂಗಳಿನಿಂದ ಆ ಹೆಸರು ನನ್ನ ಗಂಟಲಿನಲ್ಲೇ ಇತ್ತು. ಇಡೀ ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದ ಹೆಸರು ಅದು.

"ನಂದಿತಾ" ಎಂದೆ.

"ನಂದಿತಾ" ಎಂದು ಮಾರ್ತಾ ಸ್ಪಷ್ಟವಾಗಿ ಹೇಳಿದಳು. "ಚಂದದ ಹೆಸರು. ನಿನ್ನ ಹಾಗೆ ಇರುತ್ತಿದ್ದಳಾ, ಇವರ ಹಾಗಾ?" ಎಂದು ಕೇಳಿದಳು. ನಾನು ಮೂಗು ಇವರದ್ದೇ ಬರುತ್ತಿತ್ತೇನೋ ಎಂದೆ. ಆಮೇಲೆ ಅವಳು ಮತೇಯೋನ ಕೂದಲಿನ ಬಗ್ಗೆ ಹೇಳಿದಳು, ನಾನು ನಂದಿತಾ ಹೊಟ್ಟೆಯಲ್ಲಿ ಮೊದಲ ಸಲ ಅಲುಗಾಡಿದ ದಿನದ ಬಗ್ಗೆ ಹೇಳಿದೆ. ಮೀನಿನ ಅಂಗಡಿಯಲ್ಲಿ ಬಂಗುಡೆ ಆರಿಸುತ್ತಿದ್ದಾಗ ಅಲುಗಾಡಿದ್ದಳು. ಇಬ್ಬರೂ ನಕ್ಕೆವು. ಸುಟ್ಟ ವಾಸನೆ ಬಂದು ತಿರುಗಿ ನೋಡಿದರೆ, ಸುಧಾಕರ್ ಕೈಯಲ್ಲಿದ್ದ ಬಾಳೆ ಎಲೆಯ ಅಂಚು ಕರಟುತ್ತಿತ್ತು. ಅವರು ಅದನ್ನು ನೋಡುತ್ತಲೇ ಇರಲಿಲ್ಲ.

ಮಾರ್ತಾ ಕಡುಬು ಬೇಯಿಸುವ ಅಳಗೆ ತರುತ್ತೇನೆಂದು ಹೊರಗೆ ಹೋದಳು. ಇವರು ಗ್ಯಾಸ್ ಆರಿಸಿದರು.

"ಹೆಸ್ರು ಇಟ್ಟದ್ದು ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಕೇಳಿದ್ರೆ ನೀನು ಅಳ್ತಿ ಅಂತ. ಅಮ್ಮ ಬೇರೆ ಸುದ್ದಿ ತೆಗೀಬೇಡ ಅಂದಿದ್ರು." ಕರಟಿದ ಎಲೆಯನ್ನು ಬದಿಗಿಟ್ಟು, "ನಾನು ದಿನಾ ಕಾರಲ್ಲಿ ಹೋಗುವಾಗ ಅವ್ಳನ್ನೇ ನೆನಸ್ತಿದ್ದೆ. ಕರೀಲಿಕ್ಕೆ ಒಂದು ಹೆಸ್ರು ಇರ್ಲಿಲ್ಲ ನಂಗೆ" ಎಂದರು.

ಇವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಬ್ಬರೂ ಅಲ್ಲೇ ಒಲೆಯ ಮುಂದೆ ನಿಂತು ಅತ್ತೆವು. ಅಳಗೆ ಹಿಡಿದು ಬಂದ ಮಾರ್ತಾ ಬಾಗಿಲಿನವರೆಗೆ ಬಂದು, ಸದ್ದಿಲ್ಲದೆ ವಾಪಸ್ ಹೋದಳು.

ಮಧ್ಯಾಹ್ನ ಎಲ್ಲರೂ ಬಂದರು. ರಾಮೋನ್ ಕೂಡ ರಜೆಯಲ್ಲಿದ್ದ. ತಮಾಲೆ ತಿಂದ ಆ ಮೀಸೆಯವನು ತೆಂಗಿನೆಣ್ಣೆಯ ಪರಿಮಳಕ್ಕೆ ಮೊದಲು ಹುಬ್ಬೇರಿಸಿ, ಆಮೇಲೆ ಸಾಕೆನ್ನದೆ ತಿಂದ. ಹಸಿರು ಜುಬ್ಬದ ಮಗುವನ್ನು ಮಾರ್ತಾ ನನ್ನ ಮಡಿಲಲ್ಲಿ ಇಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಪರಿಚಯದ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ಹೋದರೆ ಕೂಸನ್ನು ನನ್ನ ಕೈಗೆ ಕೊಡಲು ಹಿಂಜರಿಯುತ್ತಿದ್ದರು. ಇಲ್ಲಿ ಯಾರೂ ಹಿಂಜರಿಯಲಿಲ್ಲ. ಒಬ್ಬೊಬ್ಬರಾಗಿ ಬಂದು ಮಗುವಿಗೆ ಮುತ್ತು ಕೊಟ್ಟು, ನನ್ನ ಕೆನ್ನೆಗೂ ಕೊಟ್ಟು ಹೋದರು.

ಮಾರ್ಚ್‌ನಲ್ಲಿ, ಹಲವು ಸಂಸಾರಗಳು ಹಂಚಿಕೊಂಡ ವಿಲ್ಲಾಗಳನ್ನು ಖಾಲಿ ಮಾಡಬೇಕೆಂದು ಸರ್ಕಾರದ ಆದೇಶವಾಯಿತು. ನಾವು ದುಬೈಯ ಕರಾಮಕ್ಕೆ ಬಂದೆವು, ಮಾರ್ತಾಳ ಸಂಸಾರ ಸ್ವಲ್ಪ ಸಮಯದ ನಂತರ ತಮ್ಮ ದೇಶಕ್ಕೆ ಹೋಯಿತು. ಈಗಲೂ ಫೋನಿನಲ್ಲಿ ಮಾತಾಡುತ್ತೇವೆ, ಇಬ್ಬರ ಇಂಗ್ಲಿಷೂ ಇನ್ನೂ ಹರಕೇ. ನನಗೆ ಮತ್ತೆ ಮಗುವಾಗಲಿಲ್ಲ. ಒಂದು ವರ್ಷ ಮೆಕ್ಸಿಕೋದವರ ಜೊತೆ ಇದ್ದು ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಸುಣ್ಣ ಹಾಕಿ ಜೋಳ ಬೇಯಿಸುವುದನ್ನು ಹೇಳುತ್ತೇನೆ. ನಿಜವಾಗಿ ಕಲಿತದ್ದು ಬೇರೆ. ಇಲ್ಲದವರ ಬಗ್ಗೆ ಗಟ್ಟಿಯಾಗಿ ಮಾತಾಡಿದರೆ ಮನೆ ಮುಳುಗುವುದಿಲ್ಲ.

ಪ್ರತಿ ಜುಲೈಯಲ್ಲೂ ಒಂದು ದಿನ ಸುಧಾಕರ್ ಕೆಲಸಕ್ಕೆ ರಜೆ ಹಾಕುತ್ತಾರೆ. ನಾವು ಎಲ್ಲಿಗೂ ಹೋಗುವುದಿಲ್ಲ. ಇಬ್ಬರೂ ಸೇರಿ ಅಡುಗೆ ಮಾಡುತ್ತೇವೆ, ಅವಳ ಸುದ್ದಿ ತೆಗೆಯುತ್ತೇವೆ. ಈಗ ಇದ್ದಿದ್ದರೆ ಎಷ್ಟು ಎತ್ತರವಾಗಿರುತ್ತಿದ್ದಳು, ಅಕ್ಕನ ಜೊತೆ ಎಷ್ಟು ಜಗಳವಾಡುತ್ತಿದ್ದಳು, ಯಾವ ಕ್ಲಾಸಿನಲ್ಲಿರುತ್ತಿದ್ದಳು ಎಂದು ಲೆಕ್ಕ ಹಾಕುವವರು ಇವರೇ. ಈ ಸಲ ತಪ್ಪಿ ಒಂದು ಕ್ಲಾಸ್ ಮುಂದೆ ಹಾಕಿಬಿಟ್ಟರು. ನಾನು ತಿದ್ದಿದೆ. "ಇರ್ಲಿ ಬಿಡು, ನಮ್ಮ ನಂದಿತಾ ಹುಷಾರಿದ್ಳು" ಎಂದರು.